ಏಳನೇ ತುಂಡಿನ ಇಪ್ಪತ್ತೊಂದು ದಿನ

ಆ ನಿಯಮಗಳನ್ನು ಬರೆದವಳು ನಾನೇ. ಬೇರೆ ಯಾರೋ ಬರೆದರು, ನಾನು ಬರೀ ಸಹಿ ಹಾಕಿದೆ ಎಂದು ಜಾರಿಕೊಳ್ಳಲು ಬರುವುದಿಲ್ಲ. ಕುಷ್ಟಗಿ, ಯಲಬುರ್ಗಾ, ಕೊನೆಗೆ ಗಂಗಾವತಿ ಎಂದು ಸರ್ಕಾರಿ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು ನಾನು. ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ಬಿಟ್ಟರೆ ಬೇರೆ ಹವ್ಯಾಸ ಬೆಳೆಸಿಕೊಂಡಿರಲಿಲ್ಲ. ನಿವೃತ್ತಿಯಾದ ಮೇಲೆ ಸಾಲು ನಿಲ್ಲಿಸಲು ಯಾರೂ ಸಿಗದೆ ಮನೆಯಲ್ಲಿ ಗಂಡನ ಚಪ್ಪಲಿಗಳನ್ನು ಜೋಡಿಸುತ್ತ ಕೂತಿದ್ದೆ. ಅಂಥ ಹೊತ್ತಿನಲ್ಲಿ ಬಡಾವಣೆಯ ಸಂಘದವರು ಬಂದು ಕಾರ್ಯದರ್ಶಿಯಾಗಿ ಎಂದರು. ಒಂದು ಸಲ ಬೇಡ ಎಂದೆ, ಎರಡನೇ ಸಲ ಕೇಳುವ ಮೊದಲೇ ಒಪ್ಪಿಕೊಂಡೆ.

ನಮ್ಮ ಬಡಾವಣೆಯ ನಡುವೆ ಉದ್ಯಾನಕ್ಕೆಂದು ಬಿಟ್ಟ ಜಾಗವೊಂದಿತ್ತು. ಉದ್ಯಾನ ಬರಲಿಲ್ಲ. ರೈಸ್ ಮಿಲ್ಲುಗಳ ಹೊಟ್ಟಿನ ಬೂದಿ ಟ್ರ್ಯಾಕ್ಟರಿನಲ್ಲಿ ಬಂತು, ಮುರಿದ ಪ್ಲಾಸ್ಟಿಕ್ ಕುರ್ಚಿಗಳು ಬಂದವು, ಹಂದಿಗಳು ಬಂದವು. ಸಂಘದವರು ಅಲೆದಾಡಿ ಒಪ್ಪಿಗೆ ತಂದು, ಜಾಗ ಹಸನು ಮಾಡಿಸಿ, ತಂತಿ ಬೇಲಿ ಹಾಕಿಸಿ, ಒಂದು ನೀರಿನ ತೊಟ್ಟಿ ಕಟ್ಟಿಸಿ, ಹದಿನಾರು ತುಂಡು ಮಾಡಿದರು. ಒಂದು ಮನೆಗೆ ಒಂದು ತುಂಡು, ವರ್ಷದ ಲಾವಣಿಗೆ, ಅಂದರೆ ಗೇಣಿಗೆ. ಕಾಯಿಪಲ್ಯೆ ಬೆಳೆದುಕೊಳ್ಳಲಿ, ಮಂದಿ ಒಬ್ಬರ ಮುಖ ಒಬ್ಬರು ನೋಡಲಿ ಎಂಬುದು ಉದ್ದೇಶ. ಈ ಎರಡನೆಯದರಿಂದಲೇ ಜಗಳ ಶುರುವಾಗುತ್ತದೆ ಎಂದು ಮೂವತ್ತು ವರ್ಷ ಶಾಲೆ ನಡೆಸಿದ ನನಗೆ ಗೊತ್ತಿತ್ತು. ಆದ್ದರಿಂದ ನಿಯಮ ಬರೆದೆ.

ತುಂಡು ಪಡೆದವರು ತಾವೇ ದುಡಿಯಬೇಕು, ಕೂಲಿಯಾಳು ಹಚ್ಚಬಾರದು. ಬೇರೆಯವರ ಕೈಗೆ ಕೊಡಬಾರದು, ನಾಲ್ಕು ದಿನದ ಮಟ್ಟಿಗೂ. ಮರ ಹಚ್ಚಬಾರದು. ನೀರು ತಮ್ಮ ಪಾಳಿಯಲ್ಲೇ ಬಿಡಬೇಕು, ಪಕ್ಕದವರ ಸಾಲಿಗೆ ಹರಿಸಬಾರದು. ತಮ್ಮ ತುಂಡಿನ ಮುಂದಿನ ಕಾಲುದಾರಿಯ ಕಸ ತಾವೇ ತೆಗೆಯಬೇಕು. ಇಪ್ಪತ್ತೊಂದು ದಿನ ದುಡಿಯದೆ ಬಿಟ್ಟರೆ ತುಂಡು ಸರತಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ. ಈ ಕೊನೆಯದನ್ನು ಕೆಂಪು ಬಣ್ಣದಲ್ಲಿ ಬರೆಸಿ ಗೇಟಿಗೆ ಹಾಕಿಸಿದೆ. ಬರೆಸಿದ ದಿನ ದೂರ ನಿಂತು ಓದಿದೆ, ಹತ್ತಿರ ನಿಂತು ಓದಿದೆ. ನನಗೆ ನನ್ನ ಬಗ್ಗೆಯೇ ಭಾಳ ಹೆಮ್ಮೆಯಾಯಿತು.

ಚೀಟಿ ಎತ್ತಿ ತುಂಡು ಹಂಚಿದೆವು. ಆದರೆ ಒಂದನೆಯದು ಕಾರ್ಯದರ್ಶಿಗೇ ಇರಲಿ ಎಂದು ಯಾರೋ ಅಂದರು, ನಾನು ಬೇಡ ಅನ್ನಲಿಲ್ಲ. ಅದು ಗೇಟಿನ ಬಾಯಿಗೇ ಇತ್ತು, ತೊಟ್ಟಿಯ ಪಕ್ಕ. ಯಾರು ಒಳಗೆ ಹೋಗಬೇಕಾದರೂ ಅದನ್ನು ದಾಟಿಯೇ ಹೋಗಬೇಕು. ತವರಿನಿಂದ ವೀಳ್ಯದ ಎಲೆಬಳ್ಳಿಯ ಕಡ್ಡಿ ತಂದು ಅಲ್ಲಿ ಊರಿದೆ. ಬಳ್ಳಿ ಹಬ್ಬಲೆಂದು ಒಂದು ನುಗ್ಗೆಯ ಗೂಟ ನೆಟ್ಟೆ. ತೊಟ್ಟಿಯ ಸೋರಿಕೆ ಕುಡಿದು ಗೂಟವೇ ಚಿಗುರಿ ಆಳೆತ್ತರ ಬೆಳೆಯಿತು. ಮರ ಹಚ್ಚಬಾರದಲ್ಲ ಅಕ್ಕೋರೇ ಎಂದು ಒಬ್ಬರು ನಗೆಯಾಡಿದರು. ಇದು ಮರ ಅಲ್ಲ, ಗೂಟ ಎಂದೆ. ಈ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಅಕ್ಕೋರಿಗೆ ಎದುರು ಮಾತಾಡುವವರು ಕಡಿಮೆ.

ಏಳನೇ ತುಂಡು ಬಂದದ್ದು ವಿದ್ಯುತ್ ಇಲಾಖೆಯ ಲೈನ್‌ಮನ್ ಒಬ್ಬನ ಮನೆಗೆ. ಅವನು ಅದನ್ನು ತನ್ನ ತಾಯಿಯ ಹೆಸರಿಗೆ ಬರೆಸಿದ. ಹುಲಿಹೈದರದ ಹೆಣ್ಣುಮಗಳು, ಅರವತ್ತೈದರ ಆಚೆ ಈಚೆ. ಬಡಾವಣೆಯಲ್ಲಿ ಎಲ್ಲರೂ ಹುಲಿಹೈದರದವ್ವ ಎಂದೇ ಕರೆಯುತ್ತಿದ್ದರು. ಮಗನಿಗೆ ನೌಕರಿ ಸಿಗುವವರೆಗೂ ವರ್ಷಕ್ಕೆ ಎರಡು ಸಲ ಗುಂಪಿನೊಂದಿಗೆ ಕಾರಟಗಿ ಕಡೆ ಬಂದು ಕಂಡವರ ಗದ್ದೆಯಲ್ಲಿ ನಾಟಿ ಮಾಡಿದವಳು. ಸೊಂಟ ಬಾಗಿದ್ದು ಬಾಗಿದ ಹಾಗೆಯೇ ಉಳಿದಿತ್ತು.

ತುಂಡಿನ ಮುಂದೆ ತಗಡಿನ ಮೇಲೆ ಹೆಸರು ಬರೆಸಿ ಹುಗಿದ ದಿನ ಆಕೆ ನನ್ನನ್ನು ಕೈ ಹಿಡಿದು ಕರೆದೊಯ್ದಳು.

"ಅಕ್ಕೋರ, ಇದರಾಗ ಏನ್ ಬರದೈತ್ರಿ?"

"ಏಳು ಅಂತ ಐತಿ. ಅದರ ಕೆಳಗ ನಿನ್ನ ಹೆಸರು."

"ನಂದಾ? ಮಗಂದಲ್ಲಾ?"

"ನಿಂದ ನೋಡವ್ವಾ."

"ನಲವತ್ತು ವರ್ಷ ಮಂದಿ ಗದ್ಯಾಗ ನೆಲ್ಲು ಹಚ್ಚೇನ್ರಿ. ಒಂದು ಗೇಣು ನಂದು ಅಂತ ಇರಲಿಲ್ಲ."

ಇದು ನಿನ್ನದಲ್ಲ, ಬರೀ ವರ್ಷದ ಲಾವಣಿ ಎಂದು ಆಕೆಗೆ ತಿಳಿಹೇಳಲು ಬಾಯಿ ತೆರೆದೆ. ಆಕೆ ಅಷ್ಟರಲ್ಲಿ ಸೆರಗಿನಿಂದ ಆ ತಗಡಿನ ಧೂಳು ಒರೆಸುತ್ತಿದ್ದಳು.

ನಿಯಮಗಳನ್ನು ನನ್ನಿಂದ ಮೂರು ಸಲ ಓದಿಸಿಕೊಂಡು ಬಾಯಿಪಾಠ ಮಾಡಿದಳು. ಓದು ಬಲ್ಲ ಹದಿನೈದು ಮನೆಯವರು ಅವನ್ನು ತಮಗೆ ಬೇಕಾದ ಹಾಗೆ ಓದಿಕೊಂಡರು, ಓದು ಬಾರದ ಈಕೆ ಮಾತ್ರ ಒಂದೊಂದಕ್ಕೂ ಹೆದರಿ ನಡೆದಳು. ಪುಂಡಿಪಲ್ಯೆ, ಮೆಂತ್ಯ, ಮುಳಗಾಯಿ, ಬದುವಿಗೆ ನಾಲ್ಕು ಚವಳಿ. ಕಾಲುದಾರಿಯಲ್ಲಿ ತನ್ನ ಪಾಲು ಮುಗಿಸಿ ಎದುರಿನವರ ಪಾಲಿನ ಕಸವನ್ನೂ ಕಿತ್ತು ಹಾಕುವಳು. ನೀರಿನ ಪಾಳಿ ತನ್ನದಲ್ಲದ ದಿನ ಗಿಡ ಬಾಡುತ್ತಿದ್ದರೂ ತೊಟ್ಟಿಯ ಕಡೆ ಬರುತ್ತಿರಲಿಲ್ಲ. ಉಳಿದ ಕಾಲದಲ್ಲಿ ಕಸ ತೆಗೆಯುವ ಕುರ್ಪಿ ಹಿಡಿದು ಕೂತು ಮಣ್ಣಿನೊಂದಿಗೆ ಏನೋ ಮಾತಾಡುತ್ತಿದ್ದಳು.

ಶೀಗಿ ಹುಣ್ಣಿಮೆಯ ದಿನ ಆಕೆ ಅಲ್ಲಿ ಚರಗ ಚೆಲ್ಲಿದಳು. ಬೆಳೆ ನಿಂತ ಹೊಲಕ್ಕೆ ಅಡುಗೆ ಒಯ್ದು, ಭೂಮಿತಾಯಿಗೆ ಎಡೆ ಮಾಡಿ, ಸುತ್ತಲೂ ಚೆಲ್ಲಿ ಬರುವ ಪದ್ಧತಿ ಅದು. ಅಲ್ಲಿಯವರೆಗೆ ಆಕೆ ಧಣಿಗಳ ಹೊಲಕ್ಕೆ ಬುತ್ತಿ ಹೊತ್ತು ನಡೆದವಳು, ಚೆಲ್ಲಿದವಳಲ್ಲ. ಕಡುಬು, ಸಜ್ಜೆ ರೊಟ್ಟಿ, ಪುಂಡಿಪಲ್ಯೆ ಮಾಡಿ ತಂದಿದ್ದಳು. ಕೂಗುತ್ತ ಚೆಲ್ಲಲು ಹೊರಟರೆ ನಾಲ್ಕು ಹೆಜ್ಜೆಗೆ ಹೊಲವೇ ಮುಗಿಯಿತು. ಆಕೆ ನಕ್ಕು, ತಿರುಗಿ ಮತ್ತೊಂದು ಸುತ್ತು ಹಾಕಿದಳು. ನಮಗೆಲ್ಲ ಕಡುಬು ಕೊಟ್ಟಳು. ನಾನು ಎರಡು ತಿಂದೆ.

ಈಗ ನನ್ನ ಬಳ್ಳಿಯ ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮಳೆಗಾಲಕ್ಕೆ ಅದು ಅಂಗೈಯಗಲದ ಎಲೆ ಬಿಟ್ಟಿತು. ಶ್ರಾವಣ ಬಂದದ್ದೇ ಬಡಾವಣೆಯ ಹೆಂಗಸರಿಗೆ ಉಡಿ ತುಂಬಲು, ಪೂಜೆಗೆ ಎಲೆ ಬೇಕಾಯಿತು. ಹೋಗುವಾಗ ನಾಲ್ಕು, ಬರುವಾಗ ನಾಲ್ಕು. ಬೇಡ ಎಂದರೆ ಎಲೆಗೂ ಜೀವ ಬಿಡುವ ಜಿಪುಣಿ ಎನ್ನಿಸಿಕೊಳ್ಳಬೇಕು. ಆಗ ನನಗೊಂದು ಉಪಾಯ ಹೊಳೆಯಿತು. ಎಲೆದೋಟದವರಲ್ಲಿ ಒಂದು ನಂಬಿಕೆ ಉಂಟು: ಮುಟ್ಟಾದವರು, ಸೂತಕದವರು ಹತ್ತಿರ ಸುಳಿದರೆ ಬಳ್ಳಿ ಸುಟ್ಟುಹೋಗುತ್ತದೆ ಎಂದು. ಒಂದು ಸಂಜೆ ಎಲ್ಲರೂ ಇದ್ದಾಗ ಗಂಟಲೆತ್ತಿ ಹೇಳಿದೆ.

"ನೋಡ್ರವ್ವಾ, ಎಲಿಬಳ್ಳಿ ಭಾಳ ಸೂಕ್ಷ್ಮ. ಮುಟ್ಟು, ಸೂತಕ ಇದ್ದೋರು ಇದರ ನೆರಳಿಗೂ ಬರಬ್ಯಾಡ್ರಿ. ಸುಟ್ಟು ಹೋದ್ರ ಆ ದೋಷ ಯಾರಿಗೆ ಬರ್ತೈತಿ ನೀವ ವಿಚಾರ ಮಾಡ್ರಿ."

ನಮ್ಮ ಮನೆತನದಲ್ಲಿ ಸೂತಕ ಹಿಡಿಯುವ ಪದ್ಧತಿಯೇ ಇಲ್ಲ. ತರಗತಿಯಲ್ಲಿ ಇಂಥ ನಂಬಿಕೆಗಳನ್ನು ಗೇಲಿ ಮಾಡಿ, ಬೋರ್ಡಿನ ಮೇಲೆ ಗಿಡದ ಚಿತ್ರ ಬರೆದು, ಗಿಡಕ್ಕೆ ಬೇಕಾದದ್ದು ನೀರು, ಬೆಳಕು ಮತ್ತು ಗೊಬ್ಬರ ಎಂದು ಕಲಿಸಿದವಳು ನಾನು. ಎಲೆ ಕೀಳುವ ಕೈಗಳು ಮರುದಿನದಿಂದಲೇ ನಿಂತವು. ಮೈಲಿಗೆ ಇಲ್ಲದವರೂ ದೂರ ಸರಿದು ನಡೆದರು. ಮನೆಯಲ್ಲಿ ಊಟವಾದ ಮೇಲೆ ನನ್ನ ಗಂಡ ಎಲೆಗೆ ಸುಣ್ಣ ಸವರುತ್ತ ಅಂದರು: "ಸೈನ್ಸ್ ಅಕ್ಕೋರು ಎಲಿಬಳ್ಳಿಗೆ ಸೂತಕ ಹಚ್ಯಾರ. ಛಲೋ ಆತು." ತಿಂದು ಮುಗಿಸ್ರಿ ಸುಮ್ಮನೆ ಎಂದೆ.

ಕಾರ್ತಿಕದಲ್ಲಿ ಹುಲಿಹೈದರದವ್ವನ ಗಂಡನ ಅಣ್ಣ ಊರಿನಲ್ಲಿ ತೀರಿಕೊಂಡ. ಮನೆಮಂದಿ ಎಲ್ಲ ಹೋದರು. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ, ಹದಿಮೂರನೆಯ ದಿನ ಸಂಜೆ ಬಂದಿಳಿದರು. ಬೆಳಗಾದರೆ ತುಂಡಿಗೆ ಹೋಗಬೇಕೆಂದು ಆಕೆ ಕುರ್ಪಿ ಮಸೆದು ಇಟ್ಟಿದ್ದಳಂತೆ. ಬೆಳಿಗ್ಗೆ ಕಾರಟಗಿಯಿಂದ ಫೋನು ಬಂತು. ಹೆರಿಗೆಗೆ ತವರಿಗೆ ಹೋಗಿದ್ದ ಸೊಸೆ ಗಂಡು ಹೆತ್ತಿದ್ದಳು. ಮತ್ತೆ ಹನ್ನೊಂದು ದಿನ ಸೂತಕ, ಈ ಸಲ ಹುಟ್ಟಿನದು. ಸಾವಿನ ಅಳು ಮುಗಿಯುವ ಮೊದಲೇ ಮೊಮ್ಮಗನ ಸಕ್ಕರೆ ಹಂಚಿದರು. ನಮ್ಮ ಮನೆಗೂ ಮಗ ತಂದುಕೊಟ್ಟ.

ಏಳನೇ ತುಂಡಿನಲ್ಲಿ ಜೇಕು ಎದ್ದಿತು. ಜೇಕು ಎಂದರೆ ಕಿತ್ತಷ್ಟೂ ಗಡ್ಡೆಯಿಂದ ಚಿಗುರುವ ಕಸ. ಎರೆಮಣ್ಣಿಗೆ ನೀರು ಬಿದ್ದರೆ ವಾರದಲ್ಲಿ ಹೊಲವೆಲ್ಲ ತನ್ನದು ಮಾಡಿಕೊಳ್ಳುತ್ತದೆ. ಮೆಂತ್ಯ ಹಳದಿಯಾಗಿ ಮಲಗಿತು. ಪಕ್ಕದ ತುಂಡಿನವಳು ನಾಲ್ಕು ಕೊಡ ನೀರು ಹಾಕಲೇ, ಕಸ ಕೀಳಲೇ ಎಂದು ಕೇಳಿದ್ದಳಂತೆ. "ಬ್ಯಾಡ ತಂಗಿ, ತಾವ ದುಡೀಬೇಕು, ಇನ್ನೊಬ್ಬರ ಕೈಗೆ ಕೊಡಬಾರದು ಅಂತ ಅಕ್ಕೋರು ಬರದಾರ" ಎಂದು ಹುಲಿಹೈದರದವ್ವ ತಡೆದಿದ್ದಾಳೆ. ಮಗನನ್ನು ಕಳಿಸಬಹುದಿತ್ತು. ಆದರೆ ಅವನಿಗೂ ಅದೇ ಸೂತಕ.

ಸರತಿಯಲ್ಲಿ ಮುಂದಿದ್ದವರು ಗೊಬ್ಬರದಂಗಡಿಯ ಮಾಲೀಕರು, ಆಂಧ್ರದ ಕಡೆಯಿಂದ ಬಂದು ನೆಲೆಸಿದವರು. ಅಂಗಡಿಗೆ ಬರುವ ಹೊಸ ಬೀಜ ಹಾಕಿ ನೋಡಲು ಅವರಿಗೊಂದು ತುಂಡು ಬೇಕಿತ್ತು. ದಿನವೂ ಬೇಲಿಯ ಹೊರಗೆ ಬೈಕು ನಿಲ್ಲಿಸಿ ಜೇಕಿನ ಫೋಟೊ ತೆಗೆದು ಸಂಘದ ವಾಟ್ಸಾಪಿಗೆ ಹಾಕುತ್ತಿದ್ದರು. "ಮೇಡಂ ಗಾರು, ಇವತ್ತಿಗೆ ಹದಿನೆಂಟು ದಿನ ಆತು ನೋಡ್ರಿ." "ಮೇಡಂ ಗಾರು, ಇಪ್ಪತ್ತು." ಕೆಳಗೆ ಉಳಿದವರು ಹೆಬ್ಬೆರಳು ಎತ್ತುತ್ತಿದ್ದರು. ಅದೇ ಮಂದಿ ಶೀಗಿ ಹುಣ್ಣಿಮೆಗೆ ಕಡುಬು ತಿಂದವರು.

ಹತ್ತೊಂಬತ್ತನೆಯ ದಿನವೋ ಏನೋ, ಬೆಳಿಗ್ಗೆ ನಾನು ಬಳ್ಳಿಗೆ ನೀರು ಹಾಕುತ್ತಿದ್ದಾಗ ಆಕೆ ಕಂಡಳು. ಗೇಟಿನಿಂದ ದೂರ, ರಸ್ತೆಯ ಆಚೆ ಬದಿಗೆ ನಿಂತಿದ್ದಳು. ಅಲ್ಲಿಂದ ಕತ್ತು ಚಾಚಿ ತನ್ನ ತುಂಡು ನೋಡುತ್ತಿದ್ದಳು. ನನ್ನನ್ನು ನೋಡಿ ಕೈಯೆತ್ತಿದಳು. ನಾನೂ ಕೈಯೆತ್ತಿದೆ. ಆಕೆ ಯಾಕೆ ಒಳಗೆ ಬರುತ್ತಿಲ್ಲ ಎಂದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಯಾರು ಕೇಳುತ್ತಾರೆ? ಆದರೆ ಗೊತ್ತಿತ್ತು. ಸಕ್ಕರೆ ತಿಂದಿದ್ದೆ, ಹುಟ್ಟಿನ ದಿನ ಗೊತ್ತಿತ್ತು, ರಸ್ತೆಯ ಆ ಬದಿ ಈ ಬದಿಯ ಅರ್ಥ ಗೊತ್ತಿತ್ತು. ಬಾರವ್ವಾ, ಬಳ್ಳಿಗೆ ಏನೂ ಆಗುವುದಿಲ್ಲ, ಹೋಗಿ ನಿನ್ನ ಕಸ ತೆಗಿ ಎಂದು ಕೂಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಗ ನೀರು ಹಾಕುತ್ತಿದ್ದ ಮತ್ತೊಬ್ಬ ಹೆಂಗಸು ಪಕ್ಕದಲ್ಲೇ ಇದ್ದಳು. ಆಕೆಯ ಕಿವಿಗೆ ಬಿದ್ದರೆ ಬಡಾವಣೆಗೆಲ್ಲ ಬಿದ್ದ ಹಾಗೆ. ನಾನು ಕೂಗಲಿಲ್ಲ.

ಇಪ್ಪತ್ತೆರಡನೆಯ ದಿನ ನೋಟಿಸಿಗೆ ಸಹಿ ಹಾಕಿದೆ. ಅದನ್ನು ಆಕೆಯ ಹೆಸರಿನ ತಗಡಿಗೇ ಅಂಟಿಸಿದರು. ಸಂಜೆ ಮಗ ಡ್ಯೂಟಿ ಮುಗಿಸಿ ಬಂದವನು ಹೊಸ್ತಿಲ ಹೊರಗೇ ನಿಂತ.

"ಅಕ್ಕೋರ, ಅವ್ವಗ ಸೂತಕ ಐತ್ರಿ. ಇನ್ನ ಮೂರು ದಿನ. ಮುಗದ ದಿನಾನ ಬಂದು ಎಲ್ಲಾ ಹಸನ ಮಾಡ್ತಾಳ. ಊಟಾನೂ ಸರಿ ಮಾಡವಲ್ಲಳ್ರಿ."

"ನನ್ನ ಒಬ್ಬಾಕಿ ಕೈಯಾಗಿಲ್ಲಪಾ. ಐತವಾರ ಮೀಟಿಂಗ್ ಐತಿ, ಅಲ್ಲೇ ಹೇಳ್ರಿ."

ಅವನು ತಲೆಯಾಡಿಸಿ ಹೋದ. ನನ್ನ ಗಂಡ ಪೇಪರಿನ ಹಿಂದಿನಿಂದ ಕೆಮ್ಮಿದರು. ಆ ಕೆಮ್ಮಿಗೂ ರೇಗಿದೆ.

ಐತವಾರ ಆಕೆಯ ಸೂತಕ ಕಳೆದಿತ್ತು. ತಲೆಗೆ ಎರೆದುಕೊಂಡು, ಒಗೆದ ಸೀರೆ ಉಟ್ಟು, ಕುರ್ಪಿಯನ್ನೂ ಹಿಡಿದೇ ಬಂದಿದ್ದಳು. ಮೀಟಿಂಗ್ ಐದು ನಿಮಿಷದ್ದು, ಮುಗಿಸಿ ಅಲ್ಲಿಂದಲೇ ತುಂಡಿಗೆ ಹೋಗಬಹುದು ಎಂದುಕೊಂಡಿದ್ದಳು. ಸಂಘದ ಕೋಣೆಯಲ್ಲಿ ಕುರ್ಚಿ ಖಾಲಿ ಇದ್ದರೂ ಬಾಗಿಲ ಬಳಿ ನಿಂತಳು.

ಗೊಬ್ಬರದಂಗಡಿಯವರು ಮೊದಲು ಮಾತಾಡಿದರು. "ಹಿರೇರು, ಅವರ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಸೂತಕಕ್ಕ ರಜಾ ಐತಿ ಅಂತ ಬೋರ್ಡಿನಾಗ ಎಲ್ಲಿ ಬರದೈತಿ? ತೋರಸ್ರಿ. ನಾ ಆರು ತಿಂಗಳಿಂದ ಪಾಳಿ ಕಾಯಾಕತ್ತೀನಿ."

ಎಲ್ಲರೂ ಹುಲಿಹೈದರದವ್ವನ ಕಡೆ ನೋಡಿದರು.

"ನಾ ಬರಬಾರದಂತ ಕುಂತಿದ್ದಿಲ್ರಿ," ಎಂದಳು. "ಹೊಲಕ್ಕ ಸೂತಕ ಇರೂದಿಲ್ಲ ಅಂತ ನನಗೂ ಗೊತ್ತೈತ್ರಿ. ನಮ್ಮೂರಾಗ ಹೆಣ ಮಣ್ಣ ಮಾಡಿ ಬಂದು ಮರುದಿನ ಕಸ ತಗದೀವಿ. ಆದ್ರ ಅಕ್ಕೋರ ಬಳ್ಳಿ ದಾಟೇ ಹೋಗಬೇಕಲ್ರೀ. ಅದು ಸುಡ್ತೈತಿ ಅಂತ ಅಕ್ಕೋರ ಹೇಳಿದ್ರು. ನನ್ನ ಮೆಂತ್ಯ ಹೋದ್ರ ಹೋಗ್ಲಿ, ಅವರ ಬಳ್ಳಿಗೆ ಯಾಕ ದೋಷ ತರಲಿ ಅಂತ ಬರಲಿಲ್ರಿ."

ಈಗ ಎಲ್ಲರೂ ನನ್ನ ಕಡೆ ನೋಡಿದರು. ಎರಡೇ ಮಾತು ಸಾಕಿತ್ತು: ತಪ್ಪು ನನ್ನದು, ಎಲೆ ಉಳಿಸಿಕೊಳ್ಳಲು ನಾನೇ ಹಾಗೆ ಹೇಳಿದೆ. ಅಂದಿದ್ದರೆ ಏನಾಗುತ್ತಿತ್ತು? ಎಲ್ಲರೂ ನಗುತ್ತಿದ್ದರು. ನುಗ್ಗೆ ಗೂಟದ ಮಾತು ಬರುತ್ತಿತ್ತು. ಒಂದನೇ ತುಂಡು ನನಗೆ ಹೇಗೆ ಬಂತು ಎಂದು ಯಾರಾದರೂ ಕೇಳುತ್ತಿದ್ದರು. ಮೂವತ್ತು ವರ್ಷ ಯಾರ ನಗೆಗೂ ಈಡಾಗದೆ ಬಂದವಳು ನಾನು.

"ಅದು ನಾ ಮಾತಿಗೆ ಹೇಳಿದ್ದು," ಎಂದೆ. "ನಿಯಮದಾಗ ಇಲ್ಲ."

ಆಕೆ ಸಿಟ್ಟಾಗಲಿಲ್ಲ. ಪಾಠ ಅರ್ಥವಾಗದ ಹುಡುಗಿಯ ಮುಖ ಮಾಡಿ ಕೇಳಿದಳು.

"ಅಂದ್ರ ಬಳ್ಳಿ ಸುಡೂದಿಲ್ಲೇನ್ರಿ?"

ನಾನು ರಿಜಿಸ್ಟರಿನ ಹಾಳೆ ತಿರುವಿದೆ. ನೀರಿನ ಪಾಳಿಯ ವಿಷಯ ಎತ್ತಿಕೊಂಡೆ. ಮತ್ತೆ ತಲೆಯೆತ್ತಿ ನೋಡಿದಾಗ ಬಾಗಿಲ ಬಳಿ ಆಕೆ ಇರಲಿಲ್ಲ. ಏಳನೇ ತುಂಡು ಸರತಿಯ ಪ್ರಕಾರ ಗೊಬ್ಬರದಂಗಡಿಯವರಿಗೆ ಎಂದು ನಾನೇ ಬರೆದೆ. ಯಾರೂ ಬೇಡ ಎನ್ನಲಿಲ್ಲ. ನಿಯಮ ಇದ್ದದ್ದು ಒಳ್ಳೆಯದಾಯಿತು, ಯಾರ ಮೇಲೂ ಮಾತು ಬರುವುದಿಲ್ಲ ಎಂದು ಒಬ್ಬರು ಹೊಗಳಿದರು ಕೂಡ.

ಗೊಬ್ಬರದಂಗಡಿಯವರು ಹೊಸ ತಗಡು ಬರೆಸಿದರು. ಮೆಣಸಿನ ಸಸಿ ತಂದು ಹಚ್ಚಿದರು, ಅಂಗಡಿಯ ಗಿರಾಕಿಗಳನ್ನು ಕರೆತಂದು ತೋರಿಸಿದರು. ಜೇಕು ಅವರನ್ನೂ ಬಿಡಲಿಲ್ಲ. ಎರಡು ಸಲ ಪ್ಯಾಂಟು ಮಡಚಿ ಕೂತು ಕಿತ್ತರು. ಮೂರನೆಯ ವಾರ ನಾನು ಬೆಳಿಗ್ಗೆ ಗೇಟು ತೆರೆದು ಒಳಗೆ ಹೋದಾಗ ಏಳನೇ ತುಂಡಿನಲ್ಲಿ ಬಾಗಿದ ಸೊಂಟವೊಂದು ಕಂಡಿತು. ಹುಲಿಹೈದರದವ್ವ ಕೂಲಿಗೆ ಬಂದಿದ್ದಳು. ಕೈಯಲ್ಲಿ ಅದೇ ಕುರ್ಪಿ, ಮುಂದೆ ಅದೇ ಮಣ್ಣು. ಕೂಲಿಯಾಳು ಹಚ್ಚಬಾರದು ಎಂದು ನನ್ನ ಕೈಯಾರೆ ಬರೆದ ನಿಯಮ ಗೇಟಿನ ಮೇಲೆ ನೇತಾಡುತ್ತಿತ್ತು. ಅದನ್ನು ಎತ್ತಿ ಹೇಳಿದರೆ ಈ ಕೂಲಿಯೂ ಆಕೆಯ ಕೈಯಿಂದ ಹೋಗುತ್ತದೆ. ಹೇಳದಿದ್ದರೆ, ಅಂಗಡಿಯ ಮಾಲೀಕರಿಗೊಂದು ನಿಯಮ, ಆಕೆಗೊಂದು ನಿಯಮ ಎಂದು ನಾನೇ ಒಪ್ಪಿಕೊಂಡಂತೆ. ನಾನು ಹೇಳಲಿಲ್ಲ. ಬಡಾವಣೆಯ ಯಾರೂ ಹೇಳಲಿಲ್ಲ. ಅದರ ಫೋಟೊ ಯಾವ ವಾಟ್ಸಾಪಿಗೂ ಬರಲಿಲ್ಲ.

ಮನೆಗೆ ಬಂದು ಗಂಡನ ಮುಂದೆ ಹೇಳಿದೆ. ಅವರು ಪೇಪರು ಮಡಚಿಟ್ಟು, "ನಿನ್ನ ತುಂಡಿನಾಗ ಅರ್ಧ ಕೊಡು ಹೋಗು" ಎಂದರು. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ರಾಜೀನಾಮೆ ಕೊಡಬೇಕೆಂದೂ ಅನ್ನಿಸಿತು, ಆದರೆ ಯಾಕೆ ಎಂದು ಕೇಳಿದರೆ ಏನು ಹೇಳುವುದು? ಈ ಹೊತ್ತಿಗೂ ಕಾರ್ಯದರ್ಶಿ ನಾನೇ.

ನಾಲ್ಕು ದಿನ ಧೈರ್ಯ ಸಾಲಲಿಲ್ಲ. ಐದನೆಯ ದಿನ ಆಕೆ ಮೆಣಸಿನ ಸಾಲಿನಲ್ಲಿ ಕೂತಿದ್ದಾಗ ಹೋಗಿ ಪಕ್ಕದ ಬದುವಿನ ಮೇಲೆ ಕೂತೆ. ನಲವತ್ತು ವರ್ಷದಲ್ಲಿ ನೆಲದ ಮೇಲೆ ಹಾಗೆ ಕೂತಿರಲಿಲ್ಲ, ಮೊಣಕಾಲು ಕಟಕ್ ಅಂದಿತು. ಮೊಮ್ಮಗನ ವಿಚಾರ ಕೇಳಿದೆ. ಈಗೀಗ ನಗ್ತಾನ್ರಿ ಎಂದಳು. ಕೈ ನಿಲ್ಲಿಸಲಿಲ್ಲ.

"ಯವ್ವಾ, ನನ್ನಿಂದ ತಪ್ಪಾತು," ಎಂದೆ. "ನನಗ ಅಷ್ಟು ಜಾಗಾ ಯಾಕ ಬೇಕು? ಅರ್ಧ ನೀ ತಗೋ. ನಾಳಿಂದ ನಿನ್ನ ಮೆಂತ್ಯ ಅಲ್ಲೇ ಹಾಕು."

ಆಕೆ ಜೇಕಿನ ಗಡ್ಡೆಯೊಂದನ್ನು ಬುಡ ಸಮೇತ ಎತ್ತಿ ಮಣ್ಣು ಕೊಡವಿದಳು. ಮುಖದಲ್ಲಿ ಸಿಟ್ಟು ಹುಡುಕಿದೆ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಬ್ಯಾಡ್ರಿ ಅಕ್ಕೋರ," ಎಂದಳು. "ಅದು ನಿಮ್ಮ ಹೆಸರಿಗೈತಿ. ಕಸ ಆದ್ರ ಹೇಳಿ ಕಳಸ್ರಿ, ಕೂಲಿಗೆ ಬರ್ತೀನಿ."